ಉತಾರದಲ್ಲಿ ಇಳಿದ ಬೋಜಾ, ವರದಿಯಲ್ಲಿ ಉಳಿದ ಬಾಕಿ

ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕಾರವಾದಾಗ ಮೊಬೈಲಿಗೆ ಬರುವ ಸಂದೇಶ ಬಹಳ ಚಿಕ್ಕದು. ಬ್ಯಾಂಕಿನ ನಿಯಮಗಳ ಪ್ರಕಾರ ಅರ್ಜಿ ಮಂಜೂರಾಗಿಲ್ಲ ಎಂಬ ಒಂದು ಸಾಲು, ಅಷ್ಟೇ. ವಿಜಯಪುರದ ಗಾಂಧಿ ಚೌಕದ ಅಂಗಡಿಕಾರರಿರಲಿ, ಟಿಕೋಟಾದ ದ್ರಾಕ್ಷಿ ಬೆಳೆಗಾರರಿರಲಿ, ಬಬಲೇಶ್ವರದ ಶಾಲಾ ಶಿಕ್ಷಕಿಯಿರಲಿ, ಅದನ್ನು ಓದಿದ ಮೇಲೆ ಮಾಡುವುದು ಸಾಮಾನ್ಯವಾಗಿ ಎರಡರಲ್ಲೊಂದು. ‘ನಮ್ಮ ಸಿಬಿಲ್ ಕೆಟ್ಟಿದೆ, ಇನ್ನು ಏನೂ ಸಿಗೋದಿಲ್ಲ’ ಎಂದು ಸುಮ್ಮನಾಗುತ್ತಾರೆ. ಇಲ್ಲವೇ ಅದೇ ವಾರ ಇನ್ನೆರಡು ಬ್ಯಾಂಕಿಗೆ ಅರ್ಜಿ ಹಾಕುತ್ತಾರೆ. ಎರಡರಿಂದಲೂ ನಷ್ಟವೇ. ಸುಮ್ಮನಾದವರ ವರದಿಯಲ್ಲಿ ತಪ್ಪಿದ್ದರೆ ಅದು ಹಾಗೇ ಉಳಿಯುತ್ತದೆ. ಮೇಲಿಂದ ಮೇಲೆ ಅರ್ಜಿ ಹಾಕಿದವರ ಸ್ಕೋರ್ ಇನ್ನಷ್ಟು ಇಳಿಯುತ್ತದೆ.

ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ. ಸಾಲದ ವರದಿಯನ್ನು ತೆಗೆದುಕೊಂಡು, ಸ್ಕೋರ್ ಬದಿಗಿಟ್ಟು, ಖಾತೆಗಳನ್ನು ಒಂದೊಂದಾಗಿ ಓದಬೇಕು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹೊಲ ಕೊಳ್ಳುವ ಮುಂಚೆ ಉತಾರ (ಪಹಣಿ) ತೆಗೆಸಿ 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಬೋಜಾ (ಸಾಲದ ಹೊರೆ) ಇದೆ ಎಂದು ನೋಡುವ ರೂಢಿ ಈ ಭಾಗದಲ್ಲಿ ಎಲ್ಲರಿಗೂ ಇದೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಪತ್ರ ಪಡೆದು ಬೋಜಾ ಇಳಿಸಿಕೊಳ್ಳುವವರೆಗೂ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಸಾಲದ ವರದಿ ಎಂದರೆ ಮನುಷ್ಯನ ಹೆಸರಿಗಿರುವ ಉತಾರ. ಆದರೆ ಈ ಎರಡು ದಾಖಲೆಗಳಿಗೂ ಒಂದಕ್ಕೊಂದು ಸಂಪರ್ಕವಿಲ್ಲ. ಪಹಣಿಯಲ್ಲಿ ಬೋಜಾ ಇಳಿದರೂ ಬ್ಯಾಂಕು ಕ್ರೆಡಿಟ್ ಮಾಹಿತಿ ಕಂಪನಿಗೆ ‘ಸಾಲ ಮುಗಿದಿದೆ’ ಎಂದು ತಿಳಿಸಿರದಿದ್ದರೆ ಅಲ್ಲಿ ಬಾಕಿ ಬಾಕಿಯಾಗಿಯೇ ಇರುತ್ತದೆ. ಎಂದೋ ಮುಗಿದ ಸಾಲ ಇಂದಿನ ಕಾರ್ಡಿಗೆ ಅಡ್ಡಬರುವುದು ಹೀಗೆ.

ಈ ವರದಿ ಬರೆಯುವವರು ಯಾರು?

ಸಿಬಿಲ್ ಎಂಬುದು ಸರ್ಕಾರಿ ಇಲಾಖೆಯಲ್ಲ, 2000ದಲ್ಲಿ ಶುರುವಾದ ಒಂದು ಕಂಪನಿ. ಈಗಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದೇ ಕೆಲಸ ಮಾಡುವ ಇನ್ನೂ ಮೂರು ಕಂಪನಿಗಳಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಗೆ ಒಳಪಟ್ಟಿದ್ದು, ಭಾರತೀಯ ರಿಸರ್ವ್ ಬ್ಯಾಂಕಿನ ಅಧೀನದಲ್ಲಿವೆ. ಬ್ಯಾಂಕು, ಫೈನಾನ್ಸ್ ಕಂಪನಿ, ಮೈಕ್ರೋಫೈನಾನ್ಸ್ ಸಂಸ್ಥೆಗಳು ಕಳಿಸಿದ ಮಾಹಿತಿಯನ್ನು ಇವು ಜೋಡಿಸಿಡುತ್ತವೆ, ಅದರ ಮೇಲೆ 300ರಿಂದ 900ರೊಳಗೆ ಒಂದು ಅಂಕ ಕೊಡುತ್ತವೆ. 2025ರ ಜನವರಿ 1ರಿಂದ ಈ ಮಾಹಿತಿ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಬೇಕೆಂಬ ನಿಯಮ ಬಂದಿದೆ.

ಕಾರ್ಡ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಬ್ಯಾಂಕು, ಸಿಬಿಲ್ ಅಲ್ಲ. ಬ್ಯಾಂಕು ಒಪ್ಪದೆ ಕ್ರೆಡಿಟ್ ಮಾಹಿತಿ ಕಂಪನಿ ತಾನಾಗಿ ಒಂದಂಕೆಯನ್ನೂ ತಿದ್ದುವಂತಿಲ್ಲ. ಆದ್ದರಿಂದ ತಿದ್ದುಪಡಿಯ ಕೆಲಸ ಸಾಮಾನ್ಯವಾಗಿ ಸಾಲ ಕೊಟ್ಟ ಶಾಖೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಮೊದಲು ಕಾರಣ ಕೇಳಿ

ಅರ್ಜಿ ತಿರಸ್ಕರಿಸಿದ ಬ್ಯಾಂಕು ಅದಕ್ಕೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ನಿರ್ದೇಶನ ಹೇಳುತ್ತದೆ. ‘ಆಂತರಿಕ ನಿಯಮ’ ಎಂಬ ಉತ್ತರ ಬಂದರೆ ಇಮೇಲ್ ಮಾಡಿ ಕಾರಣ ಕೇಳಿ. ಇದರ ಜತೆಗೆ ಇನ್ನೊಂದು ಹಕ್ಕೂ ಇದೆ: 2005ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ನಿಮ್ಮ ಅರ್ಜಿ ಪರಿಶೀಲಿಸಲು ಬ್ಯಾಂಕು ತರಿಸಿಕೊಂಡ ವರದಿಯ ಪ್ರತಿಯನ್ನು ನೀವು ಕೇಳಿ ಪಡೆಯಬಹುದು. ಅದಕ್ಕೆ ಸಣ್ಣ ಶುಲ್ಕ ಇರಬಹುದು.

ಕಾರಣ ಯಾಕೆ ಮುಖ್ಯವೆಂದರೆ, ಎಲ್ಲ ತಿರಸ್ಕಾರಕ್ಕೂ ಸ್ಕೋರ್ ಕಾರಣವಲ್ಲ. ಆದಾಯದ ದಾಖಲೆ ಸಾಲದಿರಬಹುದು. ಆ ಬ್ಯಾಂಕು ನಿಮ್ಮ ಪಿನ್‌ಕೋಡಿಗೆ ಕಾರ್ಡ್ ಕೊಡದೇ ಇರಬಹುದು. ಪ್ಯಾನ್ ಮತ್ತು ಆಧಾರಿನ ಹೆಸರಿನ ಕಾಗುಣಿತ ಹೊಂದದಿರಬಹುದು. ಇಂಥ ಕಾರಣವಾದರೆ ವರದಿ ತಿದ್ದಿಸಲು ಹೋಗುವುದು ವ್ಯರ್ಥ ಓಡಾಟ.

ವರದಿ ತೆಗೆಯುವ ಕ್ರಮ

1. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು, ಸ್ಕೋರ್ ಸಮೇತ, ಉಚಿತವಾಗಿ ಕೊಡಲೇಬೇಕು. 2017ರಿಂದ ಈ ನಿಯಮವಿದೆ. ಕಂಪನಿಯ ಸ್ವಂತ ವೆಬ್‌ಸೈಟಿಗೇ ಹೋಗಿ ‘ಉಚಿತ ವಾರ್ಷಿಕ ವರದಿ’ಯ ಕೊಂಡಿ ಹುಡುಕಿ. ತಿಂಗಳ ಚಂದಾ, ಆರು ತಿಂಗಳ ಪ್ಯಾಕೇಜ್ ಎಂದು ಪರದೆಯ ಮೇಲೆ ಬಂದರೆ ಅದನ್ನು ದಾಟಿ ಮುಂದೆ ಹೋಗಿ.

2. ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಕೊಟ್ಟು ಓಟಿಪಿ ಹಾಕಬೇಕು. ಸಾಲ ತೆಗೆದಾಗ ಕೊಟ್ಟ ಮೊಬೈಲ್ ಸಂಖ್ಯೆಯನ್ನೇ ಕೊಟ್ಟರೆ ಗುರುತು ಬೇಗ ಹೊಂದುತ್ತದೆ.

3. ಮೊದಲು ಬ್ಯಾಂಕು ನೋಡಿದ ಕಂಪನಿಯ ವರದಿ ತೆಗೆಯಿರಿ. ಆಮೇಲೆ ಉಳಿದವನ್ನೂ ತೆಗೆಯಿರಿ. ಒಂದರಲ್ಲಿ ಸರಿಯಿರುವ ಖಾತೆ ಇನ್ನೊಂದರಲ್ಲಿ ತಪ್ಪಾಗಿರುವುದುಂಟು. ಮನೆಯಲ್ಲಿ ಸಂಘದ (ಮೈಕ್ರೋಫೈನಾನ್ಸ್) ಸಾಲವಿದ್ದರೆ ಸಿಆರ್‌ಐಎಫ್ ಹೈ ಮಾರ್ಕ್ ವರದಿಯನ್ನು ಬಿಡಬೇಡಿ.

4. ಸ್ವಂತ ಕೈಯಿಂದ ಆಗದಿದ್ದರೆ ಗ್ರಾಮ ಒನ್ ಅಥವಾ ಕಂಪ್ಯೂಟರ್ ಕೇಂದ್ರದವರ ನೆರವು ಪಡೆಯಬಹುದು, ಆದರೆ ಎದುರಿಗೇ ಕುಳಿತು. ವರದಿಯಲ್ಲಿ ನಿಮ್ಮ ಪ್ಯಾನ್, ವಿಳಾಸ, ಎಲ್ಲ ಸಾಲಗಳ ವಿವರ ಇರುತ್ತದೆ. ಮುದ್ರಿಸಿಕೊಂಡ ಮೇಲೆ ಅಲ್ಲಿನ ಕಂಪ್ಯೂಟರಿನಿಂದ ಕಡತ ಅಳಿಸಿ, ಲಾಗ್‌ಔಟ್ ಮಾಡಿಸಿ ಏಳಿ.

ನೀವೇ ನಿಮ್ಮ ವರದಿ ನೋಡಿಕೊಂಡರೆ ಸ್ಕೋರ್ ಇಳಿಯುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಅದು ಸುಳ್ಳು. ಸಾಲ ಕೊಡುವವರು ಅರ್ಜಿಯ ಮೇಲೆ ವರದಿ ತರಿಸಿಕೊಂಡಾಗ ಮಾತ್ರ ಅದು ‘ವಿಚಾರಣೆ’ಯಾಗಿ ದಾಖಲಾಗಿ ಸ್ಕೋರಿನ ಮೇಲೆ ಪರಿಣಾಮ ಬೀರುತ್ತದೆ.

ಓದುವುದು ಹೀಗೆ

ವರದಿಯಲ್ಲಿ ನಾಲ್ಕು ಭಾಗಗಳನ್ನು ನೋಡಬೇಕು: ಗುರುತಿನ ವಿವರ, ಖಾತೆಗಳು, ಕಂತಿನ ಚರಿತ್ರೆ, ವಿಚಾರಣೆಗಳು. ಗುರುತಿನ ಭಾಗದಲ್ಲಿ ಹಳೆಯ ವಿಳಾಸವಿದ್ದರೆ ಗಾಬರಿಯಾಗಬೇಕಿಲ್ಲ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಆಮೇಲೆ ಟಿಕೋಟಾ, ಬಬಲೇಶ್ವರ ಬೇರೆ ತಾಲ್ಲೂಕುಗಳಾದವು. ಹಾಗಾಗಿ ಒಂದೇ ಮನೆ ಮೂರು ರೀತಿಯ ವಿಳಾಸದಲ್ಲಿ ಬರುವುದು ಸಹಜ, ಅಷ್ಟಕ್ಕೇ ಸ್ಕೋರ್ ಇಳಿಯುವುದಿಲ್ಲ. ನಿಮ್ಮದಲ್ಲದ ಪ್ಯಾನ್, ನಿಮ್ಮದಲ್ಲದ ಹುಟ್ಟಿದ ದಿನಾಂಕ, ಎಂದೂ ಬಳಸದ ಮೊಬೈಲ್ ಸಂಖ್ಯೆ ಕಂಡರೆ ಮಾತ್ರ ಅಲ್ಲೇ ನಿಲ್ಲಿ. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಮಂದಿ ಇರುವಲ್ಲಿ, ಹಳೆಯ ಸಾಲಗಳನ್ನು ಪ್ಯಾನ್ ಇಲ್ಲದೆಯೇ ಕೊಟ್ಟಿದ್ದರೆ, ಇನ್ನೊಬ್ಬರ ಖಾತೆ ನಿಮ್ಮ ವರದಿಗೆ ಅಂಟಿಕೊಳ್ಳಬಹುದು.

ನಿಜವಾದ ವಿಷಯ ಇರುವುದು ಕಂತಿನ ಚರಿತ್ರೆಯಲ್ಲಿ. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದು ಚೌಕ, ಚೌಕದಲ್ಲಿ ಮೂರಂಕಿ. ಆ ಸಂಖ್ಯೆ ಕಂತು ಎಷ್ಟು ದಿನ ತಡವಾಗಿದೆ ಎಂಬುದನ್ನು ಹೇಳುತ್ತದೆ. 000 ಇದ್ದರೆ ಬಾಕಿಯಿಲ್ಲ. ಎಕ್ಸ್ ಎಕ್ಸ್ ಎಕ್ಸ್ ಎಂದಿದ್ದರೆ ಆ ತಿಂಗಳ ಮಾಹಿತಿ ಬಂದಿಲ್ಲ. ಅದರಿಂದ ಹೆದರಬೇಕಿಲ್ಲ.

ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರೊಬ್ಬರ ಟ್ರ್ಯಾಕ್ಟರ್ ಸಾಲ ಎಂದು ಕಲ್ಪಿಸಿಕೊಳ್ಳಿ. ಆರು ತಿಂಗಳಿಗೊಂದು ಕಂತು, ಜನವರಿ 31ಕ್ಕೆ ಗಡುವು. ಒಣದ್ರಾಕ್ಷಿಗೆ ಬಿಟ್ಟ ಹಣ್ಣಿನ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಶೆಡ್ಡಿನಲ್ಲಿ ಒಣಗಿಸಿ, ದರ ಬರಲೆಂದು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ವಿಜಯಪುರ ಎಪಿಎಂಸಿಯಲ್ಲೋ ತಾಸಗಾಂವದಲ್ಲೋ ಮಾರಿ ಕೈಗೆ ಹಣ ಬರುವಾಗ ಮೇ ತಿಂಗಳು. ಮೇ 20ಕ್ಕೆ ಕಂತು ಪೂರ್ತಿ ಕಟ್ಟುತ್ತಾರೆ. ಬೆಳೆಗಾರರ ಲೆಕ್ಕದಲ್ಲಿ ಇದು ತಡವಾಗಿ ಕಟ್ಟಿದ ಒಂದೇ ಕಂತು. ವರದಿಯಲ್ಲಿ ಮಾತ್ರ ಫೆಬ್ರವರಿ 028, ಮಾರ್ಚ್ 059, ಏಪ್ರಿಲ್ 089, ಮೇ 000. ತಿಂಗಳ ಕಂತಿನವರು ಒಂದು ಸಲ ಮರೆತು ಮುಂದಿನ ವಾರ ಕಟ್ಟಿದರೆ ಬೀಳುವ ಗುರುತಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಕಾರ್ಡ್ ಕೊಡುವ ಬ್ಯಾಂಕಿನ ಕಂಪ್ಯೂಟರಿಗೆ ಒಣದ್ರಾಕ್ಷಿಯ ಹಂಗಾಮು ಗೊತ್ತಿಲ್ಲ, 89 ದಿನ ಬಾಕಿ ಇಟ್ಟಿದ್ದಾರೆ ಎಂದಷ್ಟೇ ಕಾಣುತ್ತದೆ. ಸಾಲಗಾರರಿಗೆ ಮೋಸದ ಉದ್ದೇಶ ಇರಲಿಲ್ಲ, ಬ್ಯಾಂಕು ಸುಳ್ಳೂ ಬರೆದಿಲ್ಲ. ಗಡುವಿನ ದಿನಾಂಕವೇ ತಪ್ಪಾಗಿತ್ತು. ಸಾಲ ತೆಗೆಯುವಾಗಲೇ ‘ಕಂತು ಜೂನ್ ಮತ್ತು ಡಿಸೆಂಬರ್‌ಗೆ ಇಡಿ’ ಎಂದು ಕೇಳಿ ಬರೆಸಿಕೊಳ್ಳುವುದು ಇದಕ್ಕೆ ಮದ್ದು. ಬೆಳೆ ಬಂದು ಮಾರಾಟವಾಗುವ ಕಾಲ ನೋಡಿ ಕಂತು ಇಡುವುದು ಕೃಷಿ ಸಾಲದಲ್ಲಿ ಒಪ್ಪಿತ ಪದ್ಧತಿ, ಆದ್ದರಿಂದ ಕೇಳಲು ಸಂಕೋಚ ಬೇಡ.

ವಿಜಯಪುರ ಭಾಗದವರು ತಪ್ಪು ಹುಡುಕಬೇಕಾದ ಜಾಗಗಳು

ವಿಲೀನವಾದ ಬ್ಯಾಂಕುಗಳನ್ನು ಮೊದಲು ನೋಡಿ. ಬಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಮಲಪ್ರಭಾ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳ ಜತೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. ಅದು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಯಿತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕು ಅದರ ಹಿಂದಿನ ವರ್ಷ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದವು. ಖಾತೆ ಸಂಖ್ಯೆ ಬದಲಾದಾಗ ಒಂದೇ ಸಾಲ ಹಳೆಯ ಹೆಸರಿನಲ್ಲೊಮ್ಮೆ, ಹೊಸ ಹೆಸರಿನಲ್ಲೊಮ್ಮೆ ಉಳಿದುಬಿಡಬಹುದು. ಹೊಸದನ್ನು ನೀವು ತೀರಿಸಿರುತ್ತೀರಿ, ಹಳೆಯದರ ಬಾಕಿ ಹಾಗೇ ನಿಂತಿರುತ್ತದೆ. ಸಾಲ ಪಡೆದ ದಿನಾಂಕ ಮತ್ತು ಮೊತ್ತ ಎರಡೂ ಕಡೆ ಒಂದೇ ಆಗಿದ್ದರೆ ಅದು ಎರಡು ಸಲ ದಾಖಲಾದ ಒಂದೇ ಸಾಲ ಎಂದು ಶಂಕಿಸಿ.

ಕಿಸಾನ್ ಕ್ರೆಡಿಟ್ ಕಾರ್ಡ್ ಎರಡನೆಯದು. ಅದು ಅಂಗಡಿಯಲ್ಲಿ ಉಜ್ಜುವ ಕಾರ್ಡಿನಂಥದ್ದಲ್ಲ, ಬೆಳೆಸಾಲದ ಖಾತೆ. ವರದಿಯಲ್ಲಿ ಅದೂ ಬರುತ್ತದೆ. ವರ್ಷದ ಗಡುವಿಗೆ ಕಟ್ಟಿ ನವೀಕರಿಸಿದವರಿಗೆ 3 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬಡ್ಡಿ ಶೇ 4ಕ್ಕೆ ಇಳಿಯುತ್ತದೆ. ಗಡುವು ಮೀರಿದರೆ ಆ ರಿಯಾಯಿತಿ ತಪ್ಪುವುದರ ಜತೆಗೆ ಹೆಸರೂ ಕೆಡುತ್ತದೆ.

ಮನ್ನಾ ಮತ್ತು ಓಟಿಎಸ್ (ಒಂದೇ ಸಲದ ರಾಜಿ ಇತ್ಯರ್ಥ) ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. 2018ರ ರಾಜ್ಯದ ಸಾಲಮನ್ನಾದಲ್ಲಿ ವಾಣಿಜ್ಯ ಬ್ಯಾಂಕುಗಳ ಬೆಳೆಸಾಲ ಕುಟುಂಬಕ್ಕೆ 2 ಲಕ್ಷದವರೆಗೆ ಸೇರಿತ್ತು, ಸರ್ಕಾರದ ಹಣ ಹಂತಹಂತವಾಗಿ ಬಂತು. ಅದನ್ನೇ ಕಾಯುತ್ತ ಕಟ್ಟದೆ ಬಿಟ್ಟ ಖಾತೆ ಆ ಅವಧಿಗೆ ಬಾಕಿ ಎಂದು ದಾಖಲಾಗಿರಬಹುದು. ಮನ್ನಾ ಹಣ ಜಮೆಯಾಗಿ ಖಾತೆ ಮುಚ್ಚಿದ ಮೇಲೂ ವರದಿಯಲ್ಲಿ ಬಾಕಿ ಉಳಿದಿದ್ದರೆ ಅದು ತಿದ್ದಬೇಕಾದ ತಪ್ಪು. ಓಟಿಎಸ್ ಬೇರೆ. ಅಲ್ಲಿ ಬ್ಯಾಂಕು ಒಂದು ಭಾಗವನ್ನು ಬಿಟ್ಟುಕೊಟ್ಟಿರುವುದರಿಂದ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬರುತ್ತದೆ, ಕಾರ್ಡ್ ಕೊಡುವವರು ಅದನ್ನು ಅರ್ಧ ಮುಳುಗಿದ ಸಾಲವೆಂದೇ ಓದುತ್ತಾರೆ. ಬಿಟ್ಟ ಮೊತ್ತವನ್ನು ಕಟ್ಟಲು ಸಾಧ್ಯವಿದ್ದರೆ, ಕಟ್ಟಿ, ಬಾಕಿ ಇಲ್ಲದ ಪತ್ರ ಪಡೆದು, ‘ಕ್ಲೋಸ್ಡ್’ ಎಂದು ಬದಲಿಸಲು ಕೋರಬಹುದು.

ಸಂಘದ ಸಾಲ ಹೆಣ್ಣುಮಕ್ಕಳ ವರದಿಯಲ್ಲಿ ಪ್ರತ್ಯೇಕವಾಗಿ, ಅವರವರ ಹೆಸರಿಗೇ ಬರುತ್ತದೆ. ಕಂತನ್ನು ಗುಂಪಿನ ಮುಖ್ಯಸ್ಥೆಯ ಕೈಗೆ ಕೊಟ್ಟು ರಸೀದಿ ಪಡೆಯದವರು, ಪಕ್ಕದ ಮನೆಯವರಿಗಾಗಿ ತಮ್ಮ ಹೆಸರಿನಲ್ಲಿ ಸಾಲ ಎತ್ತಿಕೊಟ್ಟವರು ಈ ಭಾಗವನ್ನು ಎರಡು ಸಲ ಓದಬೇಕು. ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆಯಿಂದ ಎಲ್ಲ ಸಂಘದ ಸಾಲವೂ ರದ್ದಾಯಿತು ಎಂದು ನಂಬಿ ಕಂತು ನಿಲ್ಲಿಸಿದವರಿದ್ದರೆ ಅವರಿಗೆ ಸ್ಪಷ್ಟವಾಗಿ ಹೇಳಬೇಕು: ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಸಾಲ ಅದರಿಂದ ರದ್ದಾಗಿಲ್ಲ.

ಜಾಮೀನು ಬಿದ್ದ ಸಾಲವೂ ವರದಿಯಲ್ಲಿ ಕಾಣುತ್ತದೆ. ಭಾವನಿಗೋ ಸಹೋದ್ಯೋಗಿಗೋ ಸಹಿ ಹಾಕಿ ಮರೆತ ಸಾಲ ಸುಸ್ತಿಯಾದರೆ ಅದರ ಛಾಯೆ ಜಾಮೀನುದಾರರ ಮೇಲೂ ಬೀಳುತ್ತದೆ. ಕೊನೆಯದಾಗಿ, ಬಡ್ಡಿಯಿಲ್ಲದ ಕಂತಿನಲ್ಲಿ ಕೊಂಡ ಮೊಬೈಲು, ಟಿವಿ. ಕೊನೆಯ ಕಂತು ಮುಗಿದರೂ ಚೆಕ್ ಬೌನ್ಸಿನದೋ ತಡದಂಡದ್ದೋ ಮುನ್ನೂರು, ನಾನೂರು ರೂಪಾಯಿ ಉಳಿದು ಖಾತೆ ತೆರೆದೇ ಇರುತ್ತದೆ. ಮೊತ್ತ ಸಣ್ಣದಿರಬಹುದು, ತಡವಾದ ದಿನಗಳ ಎಣಿಕೆ ಮಾತ್ರ ನಿಲ್ಲದೆ ಬೆಳೆಯುತ್ತ ಹೋಗುತ್ತದೆ.

ತಪ್ಪು ಕಂಡರೆ

1. ದಾಖಲೆ ಕೂಡಿಸಿ: ಬಾಕಿ ಇಲ್ಲದ ಪತ್ರ, ಖಾತೆಯ ಸ್ಟೇಟ್‌ಮೆಂಟ್, ಕೊನೆಯ ಕಂತಿನ ರಸೀದಿ. ಹಳೆಯ ಬ್ಯಾಂಕಿನ ಪತ್ರ ಕಳೆದಿದ್ದರೆ ಈಗಿನ ಬ್ಯಾಂಕಿನ ಶಾಖೆಯಲ್ಲಿ ಹೊಸದಾಗಿ ಕೇಳಿ. ಉತಾರದಲ್ಲಿ ಬೋಜಾ ಇಳಿದ ನಕಲಿದ್ದರೆ ಅದೂ ಪೂರಕ ದಾಖಲೆ, ಆದರೆ ಅದೊಂದೇ ಸಾಲದು.

2. ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲಿ ‘ಡಿಸ್ಪ್ಯೂಟ್’ ಎಂಬಲ್ಲಿ ದೂರು ದಾಖಲಿಸಿ. ಯಾವ ಖಾತೆ, ಯಾವ ತಿಂಗಳು, ಏನಿದೆ, ಏನಿರಬೇಕು ಎಂದು ಒಂದೊಂದಾಗಿ ಬರೆಯಿರಿ. ‘ನನ್ನ ಸ್ಕೋರ್ ಹೆಚ್ಚಿಸಿ’ ಎಂದು ಬರೆದರೆ ಪ್ರಯೋಜನವಿಲ್ಲ. ನಾಲ್ಕರಲ್ಲೂ ತಪ್ಪಿದ್ದರೆ ನಾಲ್ಕೂ ಕಡೆ ಬರೆಯಬೇಕು. ದೂರಿನ ಸಂಖ್ಯೆ ಜೋಪಾನವಾಗಿಡಿ.

3. ಅದೇ ದಿನ ಸಾಲ ಕೊಟ್ಟ ಶಾಖೆಗೂ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಮ್ಯಾನೇಜರು ‘ಆಗತದ, ಮ್ಯಾಲಿನ ಆಫೀಸಿಗೆ ಹೇಳತೀನಿ’ ಎಂದು ಬಾಯಿಮಾತಿನಲ್ಲಿ ಹೇಳಿದ್ದು ಮುಂದೆ ಎಲ್ಲಿಯೂ ಸಾಕ್ಷಿಯಾಗುವುದಿಲ್ಲ.

4. ಇಲ್ಲಿಂದ ದಿನ ಎಣಿಸಿ. ದೂರು 30 ದಿನದೊಳಗೆ ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕು ತಿದ್ದಿದ ಮಾಹಿತಿ ಕಳಿಸಲು 21 ದಿನ. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನಿಮಗೆ ಸಿಗಬೇಕು. 2024ರ ಏಪ್ರಿಲ್ 26ರಿಂದ ಇದು ಜಾರಿಯಲ್ಲಿದೆ. ತಡ ಮಾಡಿದವರು ಬ್ಯಾಂಕಿನವರಾದರೆ ಅವರು, ಮಾಹಿತಿ ಕಂಪನಿಯಾದರೆ ಅದು ಕೊಡುತ್ತದೆ. ಸ್ಕೋರ್ ಲೆಕ್ಕ ಹಾಕಿದ ರೀತಿಯ ಬಗೆಗಿನ ತಕರಾರಿಗೆ ಈ ಪರಿಹಾರವಿಲ್ಲ. ತಿದ್ದಲು ಒಪ್ಪದಿದ್ದರೆ ಯಾಕೆ ಎಂದು ಬ್ಯಾಂಕು ನಿಮಗೆ ತಿಳಿಸಲೇಬೇಕು.

5. 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಸಿಎಂಎಸ್ ಪೋರ್ಟಲ್‌ನಲ್ಲಿ, ಇಲ್ಲವೇ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಸಹಾಯವಾಣಿ 14448. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕ್ರೆಡಿಟ್ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಈ ವ್ಯವಸ್ಥೆಯೊಳಗೆ ಬಂದಿವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಸಿಬಿಲ್ ಕ್ಲಿಯರ್ ಮಾಡಿಕೊಡುತ್ತೇವೆ’ ಎನ್ನುವವರಿಗೆ ಹಣ ಕೊಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. ನಿಜವಾಗಿ ತಡವಾದ ಕಂತನ್ನು ಯಾವ ಏಜೆಂಟನೂ ಅಳಿಸಲಾರ. ತಪ್ಪು ದಾಖಲೆ ತಿದ್ದಿಸಲು ಏಜೆಂಟನೇ ಬೇಕಿಲ್ಲ. ಅವರ ಕೈಗೆ ಪ್ಯಾನ್, ಆಧಾರ್, ಓಟಿಪಿ ಸಿಕ್ಕರೆ ನಿಮ್ಮ ಹೆಸರಲ್ಲಿ ಹೊಸ ಸಾಲವೇ ಹುಟ್ಟಬಹುದು.

ಬೇಡವಾದ ಕಾರ್ಡನ್ನು ಕತ್ತರಿಸಿ ಎಸೆದು ‘ಮುಗಿಯಿತು’ ಎಂದುಕೊಳ್ಳುವುದು ಇನ್ನೊಂದು. ಖಾತೆ ಜೀವಂತವಿದ್ದು ವಾರ್ಷಿಕ ಶುಲ್ಕ ಬಾಕಿಯಾಗುತ್ತದೆ. ಬರಹದಲ್ಲಿ ಮುಚ್ಚಲು ಕೋರಿ. ಬಾಕಿ ಏನೂ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು.

ಮೊಬೈಲ್ ಸಂಖ್ಯೆ ಬದಲಿಸಿ ಬ್ಯಾಂಕಿಗೆ ತಿಳಿಸದಿರುವುದೂ ಇದೇ ಸಾಲಿಗೆ ಸೇರುತ್ತದೆ. ನಿಮ್ಮ ವರದಿಯನ್ನು ಯಾರಾದರೂ ತೆಗೆದಾಗ ಮಾಹಿತಿ ಕಂಪನಿ, ಬಾಕಿ ಎಂದು ದಾಖಲಿಸಿದಾಗ ಬ್ಯಾಂಕು, ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕೆಂಬ ನಿಯಮವಿದೆ. ಸಂದೇಶ ಹಳೆಯ ಸಿಮ್‌ಗೆ ಹೋದರೆ ನಿಮಗೆ ತಿಳಿಯುವುದು ಮುಂದಿನ ಅರ್ಜಿ ತಿರಸ್ಕಾರವಾದಾಗಲೇ.

ಮತ್ತೆ ಅರ್ಜಿ ಹಾಕುವ ಮುಂಚೆ

ವರದಿ ತೆಗೆದರೆ ಅದು ಖಾಲಿಯೇ ಇರುವವರೂ ಉಂಟು. ಆಗ ತಾನೇ ಕೆಲಸಕ್ಕೆ ಸೇರಿದವರು, ಎಂದೂ ಸಾಲ ಮಾಡದ ಹಿರಿಯರು, ಮನೆಯ ಸಾಲವೆಲ್ಲ ಗಂಡನ ಹೆಸರಿನಲ್ಲಿರುವ ಗೃಹಿಣಿಯರು. ಇದನ್ನು ಕೆಟ್ಟ ವರದಿ ಎನ್ನಲಾಗದು, ಚರಿತ್ರೆಯೇ ಇನ್ನೂ ಶುರುವಾಗಿಲ್ಲ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೂ ಕಾರ್ಡ್ ಸಿಗದಿದ್ದರೆ, ಖಾತೆಯಿರುವ ಬ್ಯಾಂಕಿನಲ್ಲೇ ಠೇವಣಿ ಇಟ್ಟು ಅದರ ಆಧಾರದ ಮೇಲೆ ಕೊಡುವ ಕಾರ್ಡ್ ಕೇಳಬಹುದು. ತಿಂಗಳಿಗೆ ಪೆಟ್ರೋಲಿಗೋ ಕಿರಾಣಿಗೋ ಸ್ವಲ್ಪ ಬಳಸಿ, ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟುತ್ತ ಹೋದರೆ ಒಳ್ಳೆಯ ಚರಿತ್ರೆ ತಾನಾಗಿ ಬೆಳೆಯುತ್ತದೆ.

ವರದಿಯಲ್ಲಿ ತಪ್ಪಿದ್ದು ತಿದ್ದಿಸಿಕೊಂಡವರು, ತಿದ್ದಿದ ಮಾಹಿತಿ ಹೊಸ ವರದಿಯಲ್ಲಿ ಬಂದಿದೆಯೇ ಎಂದು ಕಣ್ಣಾರೆ ನೋಡುವವರೆಗೂ ಅರ್ಜಿ ಹಾಕಬಾರದು. ತಪ್ಪು ಇಲ್ಲದೆ ನಿಜವಾಗಿಯೇ ಕಂತು ತಡವಾಗಿದ್ದರೆ ಮೊದಲು ತೆರೆದಿರುವ ಬಾಕಿಗಳನ್ನು ಮುಚ್ಚಿ, ಕೆಲವು ತಿಂಗಳು 000 ಬೀಳಲು ಬಿಡಬೇಕು. ಆಮೇಲೆ ಒಂದೇ ಬ್ಯಾಂಕಿಗೆ, ಸಾಧ್ಯವಾದರೆ ಸಂಬಳ ಅಥವಾ ವ್ಯಾಪಾರದ ಹಣ ಓಡಾಡುವ ಬ್ಯಾಂಕಿಗೇ, ಪ್ಯಾನ್‌ನಲ್ಲಿರುವಂತೆಯೇ ಹೆಸರು ಬರೆದು ಅರ್ಜಿ ಹಾಕಿ.